ಒಂಬತ್ತು ಒಲೆಯ ಬೊಂತೆ

ಹಾಸನಕ್ಕೆ ಬಂದ ಮೂರನೆಯ ವಾರ ಒಬ್ಬ ಹೆಂಗಸು ಗ್ರಿಲ್ಲಿನ ಸಂದಿಯಿಂದ ತಂಗಳು ಚಿತ್ರಾನ್ನದ ಕವರೊಂದನ್ನು ನನ್ನ ಕೈಗೆ ತುರುಕಿದಳು. ನಾನು ಕೇಳಿದ್ದು ಅನ್ನವನ್ನಲ್ಲ, ಹಳೆಯ ಬಟ್ಟೆಯನ್ನು. ಅದೂ ಅಂಗೈಯಗಲದ ಒಂದು ಚೂರು. "ಬಟ್ಟೆ ಗಿಟ್ಟೆ ಇಲ್ಲಮ್ಮ, ಇದ್ನ ತಿಂದ್ಕೊಂಡು ಮುಂದಕ್ಕೋಗು" ಎಂದು ಬಾಗಿಲು ಹಾಕಿಕೊಂಡಳು.

ಬೀದಿಯ ನಡುವೆ ಕವರು ಹಿಡಿದು ನಿಂತೆ. ನಮ್ಮೂರಲ್ಲಿ ನನ್ನ ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸಿದವಳಲ್ಲ ನಾನು. ಆವತ್ತು ಒಳ್ಳೆಯ ಸೀರೆಯನ್ನೇ ಉಟ್ಟಿದ್ದೆ, ತಲೆಗೆ ಎಣ್ಣೆ ಹಚ್ಚಿ ಬಾಚಿದ್ದೆ. ಆದರೂ ಹಾಸನದ ಕಣ್ಣಿಗೆ ನಾನು ಭಿಕ್ಷದವಳ ಹಾಗೆ ಕಂಡೆ. ಇದನ್ನು ನೆನೆಸಿಕೊಂಡರೆ ಈಗಲೂ ಮೈ ಬಿಸಿಯಾಗುತ್ತದೆ.

ಬಟ್ಟೆ ಯಾಕೆ ಬೇಡಿದೆ ಅಂತ ಊರಿನ ನಿಮಗೆ ಬಿಡಿಸಿ ಹೇಳಬೇಕಾಗಿಲ್ಲ. ಆದರೂ ಇದನ್ನು ಬೇರೆಯವರೂ ಓದಬಹುದು ಅಂತ ಹೇಳುತ್ತೇನೆ. ನನ್ನ ಮಗಳು ಸಾವಿತ್ರಿಗೆ ಎರಡು ಕೂಸು ಹುಟ್ಟಿ ಕೈ ಬಿಟ್ಟು ಹೋದವು. ಅವಳು ಹಾಸನದಲ್ಲಿ ಗಾರ್ಮೆಂಟ್ಸ್ ಕೆಲಸಕ್ಕೆ ಹೋಗುವವಳು, ಅಳಿಯ ಲಾರಿ ಓಡಿಸುವವನು. ಮೂರನೆಯ ಸಲ ಬಸುರಿಯಾದಾಗ ಡಾಕ್ಟರು ಆಸ್ಪತ್ರೆಯಿಂದ ದೂರ ಹೋಗಬೇಡಿ ಎಂದರು. ತವರಿಗೆ ಅವಳು ಬರುವ ಬದಲು ತವರೇ ಅವಳ ಹತ್ತಿರ ಹೋಗಲಿ ಅಂತ ನಾನು ನುಗ್ಗೇಹಳ್ಳಿ ಪಕ್ಕದ ನಮ್ಮೂರಿನ ಮನೆಗೆ ಬೀಗ ಹಾಕಿ, ಕೀ ಪಕ್ಕದ ಮನೆ ಪುಟ್ಟಮ್ಮನಿಗೆ ಕೊಟ್ಟು ಬಸ್ಸು ಹತ್ತಿದೆ.

ಹುಟ್ಟಿತು! ದಿನ ತುಂಬುವ ಮುಂಚೆಯೇ ಹುಟ್ಟಿತು. ಹೆಣ್ಣು. ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರು. ನನ್ನ ಕಿರುಬೆರಳನ್ನು ಒಳಗೆ ಹಾಕಿದರೆ ಅದರ ಇಡೀ ಕೈ ನನ್ನ ಒಂದು ಗೆಣ್ಣು ಸುತ್ತುವುದಕ್ಕೂ ಸಾಲುತ್ತಿರಲಿಲ್ಲ. ಆದರೂ ಹಿಡಿಯಿತು ನೋಡಿ, ಬಿಗಿಯಾಗಿ ಹಿಡಿಯಿತು. ನಾನು ನಾಲ್ಕನೇ ಕ್ಲಾಸು ಓದಿದವಳು, ಆ ಸಂತೋಷ ಬರೆಯಲು ನನಗೆ ಅಕ್ಷರ ಸಾಲದು. ಅಲ್ಲಿದ್ದ ನರ್ಸಮ್ಮನ ಕೈಯನ್ನೇ ಹಿಡಿದು ಕಣ್ಣಿಗೆ ಒತ್ತಿಕೊಂಡೆ.

ಸಂತೋಷದ ಹಿಂದೆಯೇ ಹೆದರಿಕೆ. ಹೋದ ಎರಡೂ ಹೀಗೆಯೇ ಬೆರಳು ಹಿಡಿದಿದ್ದವು.

ಮಕ್ಕಳು ನಿಲ್ಲದ ಮನೆಯಲ್ಲಿ ಕೂಸು ಹುಟ್ಟಿದರೆ ನಮ್ಮವ್ವ ಹೊಸ ಬಟ್ಟೆ ಮುಟ್ಟಿಸುತ್ತಿರಲಿಲ್ಲ. ಒಲೆ ಉರಿಯುವ ಎಂಟು ಮನೆಯಲ್ಲಿ ಹಳೆ ಬಟ್ಟೆ ಬೇಡಬೇಕು. ಒಂಬತ್ತನೆಯದು ತಾಯಿಯ ತವರಿನದು. ಅವನ್ನೆಲ್ಲ ಪದರ ಪದರವಾಗಿ ಜೋಡಿಸಿ ಕೈಹೊಲಿಗೆ ಹಾಕಿ ಬೊಂತೆ ಮಾಡಿ, ಅದರಲ್ಲೇ ಕೂಸನ್ನು ಮಲಗಿಸಬೇಕು. ಹಾಸನದಲ್ಲಿ ಇದಕ್ಕೆ ಕೌದಿ ಅನ್ನುವವರೂ ಇದ್ದಾರೆ. ಜವರಾಯ ಹುಡುಕಿಕೊಂಡು ಬಂದರೆ ಈ ಮಗು ಯಾವ ಮನೆಯದು ಅಂತ ಗೊತ್ತಾಗದೆ ವಾಪಸ್ಸು ಹೋಗಲಿ ಅಂತ. ಊರಲ್ಲಾದರೆ ಇದು ಎಲೆ ಅಡಿಕೆ ಹಾಕಿ ಉಗುಳುವಷ್ಟರಲ್ಲಿ ಆಗುವ ಕೆಲಸ. ಇಲ್ಲಿ ಒಂದು ವಾರ ತಿರುಗಿ ಸಿಕ್ಕಿದ್ದು ನಾಲ್ಕೇ ಮನೆ.

ಅದರಲ್ಲಿ ಮೊದಲನೆಯದು ನಮ್ಮ ಮನೆಯ ಓನರ್ ಜಯಕ್ಕನದು. ಮಹಡಿಯ ಮೇಲೆ ಅವರು, ಕೆಳಗೆ ಒಂದೇ ಕೋಣೆಯಲ್ಲಿ ನಾವು. ಅಂಗಳಕ್ಕೆಲ್ಲ ಬಿಳಿ ಟೈಲ್ಸ್ ಹಾಕಿಸಿ, ದಿನಕ್ಕೆರಡು ಸಲ ಒರೆಸುವ ಹೆಂಗಸು. ಕಂದು ಬಣ್ಣದ ಸೀರೆಯ ಚೂರು ಕೊಡುತ್ತಾ ಕೇಳಿದರು:

"ಒಲೆ ಉರಿಯೋ ಮನೇದೇ ಆಗ್ಬೇಕಾ ಗೌರಮ್ಮ? ನಮ್ದು ಕರೆಂಟ್ ಒಲೆ. ಬೆಂಕಿನೇ ಕಾಣಾಕಿಲ್ಲ."

"ಮತ್ತೆ ಅನ್ನ ಎಂಗೆ ಬೇಯ್ತದೆ ತಾಯಿ?"

"ಬೇಯ್ತದೆ ಕಣಮ್ಮ. ಎಂಗೆ ಅಂತ ನಂಗೂ ಗೊತ್ತಿಲ್ಲ."

ಇಬ್ಬರೂ ನಕ್ಕೆವು. ಅನ್ನ ಬೇಯುವುದು ನಿಜ ತಾನೆ ಅಂತ ಲೆಕ್ಕಕ್ಕೆ ಸೇರಿಸಿಕೊಂಡೆ.

ನಮ್ಮ ಮನೆಯ ಎದುರು ಒಂದು ಖಾಲಿ ಜಾಗವಿತ್ತು. ಇಲ್ಲಿ ಖಾಲಿ ಜಾಗಕ್ಕೆ ಸೈಟು ಅನ್ನುತ್ತಾರೆ. ಊರಲ್ಲಿ ಜಾಗ ಖಾಲಿ ಇದ್ದರೆ ಎಮ್ಮೆ ಕಟ್ಟುತ್ತೇವೆ. ಇಲ್ಲಿ ಬೇಲಿ ಹಾಕಿ, ಬೆಲೆ ಏರಲಿ ಅಂತ ಕಾಯುತ್ತಾರೆ. ಆ ಸೈಟಿನಲ್ಲಿ ನೀಲಿ ಟಾರ್ಪಾಲಿನ ನಾಲ್ಕು ಗುಡಾರ. ಅರಕಲಗೂಡು, ಹೊಳೆನರಸೀಪುರದ ಕಡೆಯಿಂದ ಗಾರೆ ಕೆಲಸಕ್ಕೆ ಬಂದು, ಬಾಡಿಗೆ ಮನೆಗೆ ಅಡ್ವಾನ್ಸು ಹೊಂದಿಸಲಾಗದೆ ಉಳಿದವರು. ಚಿತ್ರಾನ್ನದ ಕವರು ಹಿಡಿದು ನಾನು ಮನೆ ಕಡೆ ತಿರುಗಿದಾಗ ಬೇಲಿಯಾಚೆಯಿಂದ ಒಂದು ಗಂಟಲು ಕೂಗಿತು:

"ಏನಕ್ಕ, ಎಲ್ರು ಮನೆ ಬಾಗ್ಲೂ ತಟ್ದೆ, ನಮ್ಮುನ್ ಮಾತ್ರ ಬುಟ್ಬುಟ್ಟೆ? ತಟ್ಟಾಕೆ ಬಾಗ್ಲಿಲ್ಲ ಅಂತಾವ?"

ಅವಳು ಹೊನ್ನಮ್ಮ. ನನಗಿಂತ ಹತ್ತು ವರ್ಷ ಚಿಕ್ಕವಳಿರಬೇಕು. ಹಣೆಯಲ್ಲಿ ಸಿಮೆಂಟಿನ ಧೂಳು, ಬಾಯಲ್ಲಿ ನಗು. ಬೇಲಿಯ ಹತ್ತಿರ ಹೋಗಿ ಒಲೆ ಉರಿಯುವ ಮನೆಯ ಲೆಕ್ಕ ಹೇಳಿ ಮುಗಿಸುವಷ್ಟರಲ್ಲಿ ತನ್ನ ಹಸಿರು ಸೀರೆಯ ಸೆರಗನ್ನು ಪರ್ರಂತ ಹರಿದಳು. ಉಳಿದ ಮೂರು ಗುಡಾರದವರಿಂದಲೂ ಒಂದೊಂದು ಚೂರು ಇಸಿದುಕೊಂಡು ಬಂದು ಕೊಟ್ಟಳು. ನಾಲ್ಕಕ್ಕೆ ನಾಲ್ಕು ಸೇರಿ ಎಂಟಾಯಿತು.

ಈಗ ನಾನು ಮಾಡಿದ ತಪ್ಪು ಹೇಳಬೇಕು. ಆ ನಾಲ್ಕು ಚೂರನ್ನು ನಾನು ಹೊಲಿಯಲಿಲ್ಲ. ಕವರಿಗೆ ತುಂಬಿ ಅಟ್ಟದ ಮೇಲೆ ತಳ್ಳಿದೆ. ಗುಡಾರವೂ ಒಂದು ಮನೆಯೇ? ನೆಲೆಯಿಲ್ಲದವರ ಬಟ್ಟೆ ಹೊದೆಸಿದರೆ ಮಗುವಿಗೂ ನೆಲೆ ತಪ್ಪಿದರೆ? ಬೆಳಿಗ್ಗೆ ನನ್ನನ್ನೇ ಭಿಕ್ಷದವಳೆಂದು ತಿಳಿದರು ಅಂತ ಅತ್ತವಳು, ಸಂಜೆಗೆ ಅದನ್ನೇ ಇನ್ನೊಬ್ಬಳಿಗೆ ಮಾಡಿದೆ.

ಮಗು ಮನೆಗೆ ಬಂದ ಮಾರನೆಯ ದಿನ ಹೊನ್ನಮ್ಮ ಬಾಣಂತಿಗೆ ಅಂತ ಸಬ್ಬಸಿಗೆ ಸೊಪ್ಪಿನ ಕಟ್ಟು ಹಿಡಿದು ಬಂದಳು. ಒಳಗೆ ಬಾರದೆ ಹೊಸ್ತಿಲಲ್ಲೇ ಕೂತು ಬೊಂತೆಯ ಕಡೆ ಕತ್ತು ಚಾಚಿದಳು. "ನಂದೆಲ್ಲೈತಕ್ಕ?"

"ಇನ್ನೂ ಒಲೀಬೇಕು" ಅಂದೆ.

ಸಾವಿತ್ರಿ ಏನೂ ತಿಳಿಯದೆ, "ಅವ್ವ, ಅಟ್ಟದ ಮೇಲೊಂದು ಕವರು ಇಟ್ಟಿದ್ಯಲ್ಲ, ಅದಾ?" ಎಂದು ಇಳಿಸಿಯೇ ಬಿಟ್ಟಳು. ಹಸಿರು ಚೂರು ಹೊರಗೆ ಬಿತ್ತು. ನಾನು ನೆಲ ನೋಡಿದೆ. ಹೊನ್ನಮ್ಮ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು.

"ಒಲೆ ಉರಿಯೋ ಮನೆ ಅಂದಿದ್ಯಲ್ಲಕ್ಕ ನೀನು. ಬಾ. ನಮ್ದು ನೋಡ್ಬುಟ್ಟು ಆಮ್ಯಾಕೆ ತೀರ್ಮಾನ ಮಾಡು."

ಹೋದೆ. ಮೂರು ಕಲ್ಲು, ನಡುವೆ ಗಾರೆ ಕೆಲಸದ ಜಾಗದಿಂದ ತಂದ ಸೆಂಟ್ರಿಂಗ್ ಹಲಗೆಯ ಚೂರು ಧಗಧಗ ಉರಿಯುತ್ತಿತ್ತು. ಮೇಲೆ ಹಿಟ್ಟಿನ ಎಸರು. ತಲೆಯೆತ್ತಿ ಬೀದಿಯುದ್ದಕ್ಕೂ ನೋಡಿದೆ. ಅಷ್ಟು ಮನೆಗಳಲ್ಲಿ ಹೊಗೆ ಏಳುತ್ತಿದ್ದುದು ಈ ನಾಲ್ಕರಿಂದ ಮಾತ್ರ. ಮನೆಗೆ ಬಂದು ನಾಲ್ಕೂ ಚೂರನ್ನು ಹೊಲಿದೆ. ಹೊನ್ನಮ್ಮನ ಹಸಿರು ಜಯಕ್ಕನ ಕಂದಿನ ಪಕ್ಕಕ್ಕೇ ಬಂತು.

ಆ ವಾರವೇ ಸೈಟಿನ ಯಜಮಾನ ಕಾರಿನಲ್ಲಿ ಬಂದ. ಪಾಯ ತೆಗೆಸಬೇಕು, ಮೂರು ದಿನದಲ್ಲಿ ಖಾಲಿ ಮಾಡಿ ಎಂದು ಹೇಳಿ ಹೋದ. ಹೊನ್ನಮ್ಮನ ನಗು ಮೊದಲ ಸಲ ಕಾಣಲಿಲ್ಲ. "ಬಸ್ ಸ್ಟ್ಯಾಂಡಲ್ಲಿ ಎಬ್ಬುಸ್ತಾರೆ, ಪಾರ್ಕಲ್ಲಿ ಓಡಿಸ್ತಾರೆ. ಎಲ್ಲಿಗೋಗ್ಲಕ್ಕ? ಇರೋವಂಥ ಜಾಗ ಯಾವ್ದೈತೆ ಏಳಕ್ಕ, ಓಯ್ತೀನಿ" ಎಂದಳು.

ಬೊಂತೆ ಎತ್ತಿಕೊಂಡು ಮಹಡಿ ಹತ್ತಿದೆ. ಜಯಕ್ಕ, "ಓದ್ರೆ ಓಗ್ಲಿ ಬುಡಿ, ಬೀದಿ ಚೊಕ್ಕಟ ಆಯ್ತದೆ" ಎಂದರು. ನಾನು ಬೊಂತೆಯನ್ನು ಅವರ ಮಡಿಲಲ್ಲಿ ಹರವಿದೆ.

"ಇದು ನಿಮ್ಮ ಸೀರೆ. ಪಕ್ಕದ್ದು ಅವಳ್ದು. ಅವಳ ಒಲೆ ಕಿತ್ರೆ ಮಗೀನ ಬೊಂತೆ ಏನಾಯ್ತದೆ ನೀವೇ ಏಳಿ ತಾಯಿ."

ಜಯಕ್ಕ ಬಟ್ಟೆಯ ಮೇಲಿಂದ ಕೈ ಹಿಂದಕ್ಕೆಳೆದುಕೊಂಡರು. "ಗೌರಮ್ಮ, ನಂಗೆ ಪಾಪ ಸುತ್ತಾಕ್ತಿದೀರ ನೀವು."

"ಸುತ್ತಾಕಿ ಆಗೋಯ್ತು ತಾಯಿ. ನೀವು ಸೀರೆ ಕೊಟ್ಟ ದಿನಾನೇ."

ಉರಿಯುವ ಒಲೆ ಕೆಡವುವುದು ಅಂದರೆ ಹಾಸನದವರಿಗೂ ಹೆದರಿಕೆಯೇ. ಅಷ್ಟರಮಟ್ಟಿಗೆ ಊರು ಇಲ್ಲೂ ಇದೆ. ಬಟ್ಟೆ ಕೊಟ್ಟಿದ್ದ ಇನ್ನೂ ಮೂರು ಮನೆಯವರ ಕಿವಿಗೆ ಸುದ್ದಿ ಬಿತ್ತು. ಮಧ್ಯಾಹ್ನ ಸೈಟಿನ ಹೊಂಗೆ ಮರದ ಕೆಳಗೆ ಹೆಂಗಸರು ಸೇರಿದರು. ಬೇಲಿಗೆ ಹಾಕುವಷ್ಟು ದೊಡ್ಡ ಬೊಂತೆಯನ್ನೇ ಹೊಲಿಯೋಣ, ಇಲ್ಲಿ ಒಲೆ ಇವೆ ಅಂತ ಬಂದವರ ಕಣ್ಣಿಗೆ ರಾಚಲಿ ಅಂದವಳು ಸಾವಿತ್ರಿ. ಅವಳ ಜೊತೆ ಕೆಲಸ ಮಾಡುವವರು ಗಾರ್ಮೆಂಟ್ಸಿನಲ್ಲಿ ಎಸೆಯುವ ಕಟ್ ಪೀಸುಗಳನ್ನು ಮೂಟೆಗಟ್ಟಲೆ ತಂದು ಹಾಕಿದರು. ಒಂದೊಂದು ಮನೆಗೆ ಕಪ್ಪು ಬಟ್ಟೆಯ ಮೂರು ಕಲ್ಲು, ನಡುವೆ ಕೆಂಪು ನಾಲಿಗೆಯ ಉರಿ. ಹೊಲಿಗೆ ಉದ್ದವಾಯಿತು, ದಾರ ಸಿಕ್ಕಾಯಿತು ಅಂತ ಜಗಳ. ಜಯಕ್ಕ ತಮ್ಮ ಕರೆಂಟ್ ಒಲೆಯನ್ನು ಕರಿ ಚೌಕ ಮಾಡಿ ಹೊಲಿದರೆ, "ಇದೇನು, ಸಾಲೆ ಸ್ಲೇಟಾ?" ಎಂದು ಹೊನ್ನಮ್ಮ ಛೇಡಿಸಿದಳು. ಎಷ್ಟೋ ದಿನದ ಮೇಲೆ ಹತ್ತು ಹೆಂಗಸರ ನಡುವೆ ಕೂತು ನಕ್ಕೆ. ಮಗು ನನ್ನ ಮಡಿಲಲ್ಲೇ ನಿದ್ದೆ ಮಾಡಿತು.

ಹೊನ್ನಮ್ಮ ತನ್ನ ಒಲೆಯ ಪಕ್ಕ ಒಂದು ಬಾಗಿಲನ್ನೂ ಹೊಲಿದಳು. ಸುತ್ತ ಗೋಡೆ ಇರಲಿಲ್ಲ.

"ಗ್ವಾಡೆ ಒಲಿಯಾಕಿಲ್ವಾ?" ಎಂದೆ.

"ಗ್ವಾಡೆ ಮಳೇಲಿ ಓಯ್ತು ಕಣಕ್ಕ. ಅರಕಲಗೂಡಿನಾಚೆ ನಮ್ಮೂರಲ್ಲಿ. ಬಾಗ್ಲೊಂದು ಉಳ್ದಿತ್ತು. ಅದ್ನೂ ಮಾರ್ಕೊಂಡು ಇಲ್ಲಿಗೆ ಬಂದೆ."

ಮೂರನೆಯ ದಿನ ಯಜಮಾನ ಬಂದಾಗ ಬೊಂತೆ ಬೇಲಿಯುದ್ದಕ್ಕೂ ನೇತಾಡುತ್ತಿತ್ತು. ಹೋಗಿ ಬರುವವರು ನಿಂತು ಮೊಬೈಲಿನಲ್ಲಿ ಫೋಟೋ ತೆಗೆಯುತ್ತಿದ್ದರು. ಬೊಂತೆಯ ಮುಂದೆ ಬೀದಿಯ ಹೆಂಗಸರೆಲ್ಲ ನಿಂತಿದ್ದೆವು. ಅವನು ತಲೆ ಕೆರೆದುಕೊಂಡು, "ಆಯ್ತು, ಶ್ರಾವಣ ಕಳೆಯೋಗಂಟ ಇರಿ" ಎಂದ. ಆವತ್ತು ನಾಲ್ಕು ಗುಡಾರದಲ್ಲೂ ಪಾಯಸ ಮಾಡಿದರು. ಜಯಕ್ಕನಿಗೂ ಒಂದು ಲೋಟ ಹೋಯಿತು. ಅವರು ಲೋಟವನ್ನು ಪೂರಾ ಖಾಲಿ ಮಾಡಿದ್ದನ್ನು ನಾನೇ ನೋಡಿದೆ.

ಇನ್ನು ಮಗುವಿನ ಬೊಂತೆಗೆ ಉಳಿದದ್ದು ಒಂಬತ್ತನೆಯ ಚೂರು, ತವರಿನದು. ಅದು ನಾನೇ ಕೊಡಬೇಕಾದದ್ದು. ಒಂದು ಬೆಳಿಗ್ಗೆ ಚನ್ನರಾಯಪಟ್ಟಣದ ಬಸ್ಸು ಹಿಡಿದು, ಅಲ್ಲಿ ಬೇರೆ ಬಸ್ಸಿಗೆ ಬದಲಾಯಿಸಿ ಊರಿಗೆ ಹೋದೆ. ಪುಟ್ಟಮ್ಮನಿಂದ ಕೀ ಇಸಿದುಕೊಂಡು ಬಾಗಿಲು ತೆರೆದೆ. ನನ್ನ ಒಲೆಯ ಬೂದಿಯಲ್ಲಿ ಬೆಕ್ಕು ಮಲಗಿತ್ತು. ಗಾದೆಯಲ್ಲಿ ಹೇಳುವ ಹಾಗಲ್ಲ, ನಿಜವಾಗಿಯೂ. ಹಂಚಿನ ಸಂದಿಯಿಂದ ಇಳಿದು ಬಂದಿರಬೇಕು.

ಕಾಲು ಹೊಸ್ತಿಲಲ್ಲೇ ನಿಂತಿತು. ನೀಲಿ ಟಾರ್ಪಾಲಿನ ಕೆಳಗೆ ಒಲೆ ಉರಿಯುತ್ತಿದೆ. ಗೋಡೆ, ಬಾಗಿಲು, ಹಂಚು ಎಲ್ಲ ಇರುವ ನನ್ನ ಮನೆಯಲ್ಲಿ ಎರಡು ತಿಂಗಳಿಂದ ಒಲೆ ತಣ್ಣಗಿದೆ. ನಮ್ಮವ್ವನ ಲೆಕ್ಕದಲ್ಲಿ ಮನೆ ಇಲ್ಲದವಳು ನಾನು.

ಬೆಕ್ಕನ್ನು ಎಬ್ಬಿಸಿದೆ. ಕಣ್ಣೀರು ಬರುವಷ್ಟು ಊದಿ ಊದಿ ಒಲೆ ಹಚ್ಚಿದೆ. ಪುಟ್ಟಮ್ಮ ಬಂದು, "ಒಬ್ಳಿಗ್ಯಾಕಕ್ಕ ಒಲೆ ಅಚ್ತೀಯ, ಮುದ್ದೆ ಮಾಡಿವ್ನಿ ಬಾ" ಎಂದಳು. ಅವಳು ಕೊಟ್ಟ ಹಾಲನ್ನೇ ಉಕ್ಕಿಸಿದೆ. ಗೂಟದಲ್ಲಿದ್ದ ನಮ್ಮ ಯಜಮಾನರ ಪಂಚೆಯ ಅಂಚನ್ನು ಹರಿದುಕೊಂಡೆ. ಅವರು ತೀರಿಕೊಂಡು ಆರು ವರ್ಷವಾದರೂ ಆ ಪಂಚೆ ಗೂಟ ಬಿಟ್ಟಿರಲಿಲ್ಲ.

"ಒತ್ತಾಯ್ತು, ಮನೆಗೆ ಓಗ್ಬೇಕು" ಎಂದು ಎದ್ದೆ.

ಪುಟ್ಟಮ್ಮ ನನ್ನ ಮುಖವನ್ನೇ ನೋಡಿದಳು. "ಯಾವ ಮನ್ಗಕ್ಕ? ಮನೇಲೇ ಇದ್ದೀಯಲ್ಲ."

ಸಂಜೆ ಹಾಸನದ ನಮ್ಮ ಬೀದಿಗೆ ಕಾಲಿಟ್ಟಾಗ ಯಾರದೋ ಬೀದಿಗೆ ಬಂದೆನೇನೋ ಅನ್ನಿಸಿತು. ಸೈಟು ಬಟಾಬಯಲು. ಜೆಸಿಬಿಯ ಚಕ್ರದ ಗುರುತು, ಮುರಿದ ಕೊಡ, ನಾಲ್ಕು ಕಡೆ ಬೂದಿ. ಶ್ರಾವಣ ಇನ್ನೂ ಅರ್ಧವೂ ಆಗಿರಲಿಲ್ಲ. ಗಂಡಸರೆಲ್ಲ ಕೆಲಸಕ್ಕೆ ಹೋದ ಹೊತ್ತು ನೋಡಿ ಸೈಟಿನ ಯಜಮಾನ ಆಳುಗಳನ್ನು ಕಳಿಸಿದ್ದ. ಜಯಕ್ಕ ಹೋಗಿ ಅಡ್ಡ ನಿಂತರಂತೆ. ಆಳುಗಳು ಬೇಲಿಯ ಬೊಂತೆಯನ್ನು ತುಳಿಯಲು ಹೆದರಿ, ಮೆಲ್ಲಗೆ ಬಿಚ್ಚಿ, ನಾಲ್ಕು ಮಡಿಕೆ ಮಾಡಿ ಅವರ ಕೈಗೆ ಕೊಟ್ಟರಂತೆ. ಟಾರ್ಪಾಲುಗಳನ್ನು ಮಾತ್ರ ಬಿದಿರ ಗಳ ಸಮೇತ ಕಿತ್ತು ಟ್ರಾಕ್ಟರಿಗೆ ಎಸೆದರಂತೆ. ಬಟ್ಟೆಯ ಒಲೆಗೆ ಅಷ್ಟು ಮರ್ಯಾದೆ. ಬೆಂಕಿಯ ಒಲೆಗೆ ಒಂದು ಬಕೆಟ್ ನೀರು.

ಮೂರು ಸಂಸಾರ ಯಾವ ಕಡೆ ಹೋದವೋ ತಿಳಿಯದು. ಹೊಳೆನರಸೀಪುರದ ರಸ್ತೆಯಲ್ಲಿ ಗಂಟು ಹೊತ್ತು ನಡೆಯುವುದನ್ನು ನೋಡಿದೆ ಅಂತ ಒಬ್ಬರು ಹೇಳಿದರು. ಸಾವಿತ್ರಿ ಎರಡು ದಿನ ವಿಚಾರಿಸಿದಳು, ಸಿಗಲಿಲ್ಲ.

ಹೊನ್ನಮ್ಮ ನಮ್ಮ ಅಂಗಳದಲ್ಲಿದ್ದಳು. ಜಯಕ್ಕನ ಬಿಳಿ ಟೈಲ್ಸಿನ ಮೇಲೆ ಮೂರು ಕಲ್ಲು ಹೂಡಿ, ಒದ್ದೆ ಸೌದೆಯನ್ನು ಊದುತ್ತಿದ್ದಳು. ಟೈಲ್ಸ್ ಆಗಲೇ ಕಪ್ಪಾಗಿತ್ತು. ಜಯಕ್ಕ ಮೆಟ್ಟಿಲ ಮೇಲೆ ಕೂತು ಅದನ್ನೇ ನೋಡುತ್ತಿದ್ದರು. ನನ್ನನ್ನು ಕಂಡು, "ಮಗೀನ ಬೊಂತೆ ಒಲೆ, ಆರ್ಬಾರ್ದಲ್ವಾ ಮತ್ತೆ" ಎಂದು ಸಿಡುಕಿದರು. ಎಷ್ಟು ದಿನ ಅಂತ ಅವರೂ ಹೇಳಲಿಲ್ಲ, ಹೊನ್ನಮ್ಮನೂ ಕೇಳಲಿಲ್ಲ.

ಪಂಚೆಯ ಅಂಚನ್ನು ಒಂಬತ್ತನೆಯ ಜಾಗಕ್ಕೆ ಹೊಲಿದೆ. ಗಂಟು ಹಾಕಲು ಮಾತ್ರ ಕೈ ಬರುತ್ತಿಲ್ಲ. ಮೂರು ಒಲೆ ಎಲ್ಲಿವೆಯೋ ಗೊತ್ತಿಲ್ಲದೆ ಹೇಗೆ ಗಂಟು ಹಾಕಲಿ? ಸೂಜಿ ಬಿಚ್ಚಿಟ್ಟು ದಾರ ಹಾಗೇ ಬಿಟ್ಟಿದ್ದೇನೆ. ಮಗು ಅದರ ಮೇಲೆ ಮಲಗಿದೆ. ಈಗ ತೂಕ ಬಂದಿದೆ, ಕೆನ್ನೆ ತುಂಬಿಕೊಂಡಿದೆ, ಆ ದಾರವನ್ನೇ ಕಾಲ್ಬೆರಳಿಗೆ ಸಿಕ್ಕಿಸಿಕೊಂಡು ಒದೆಯುತ್ತದೆ. ನೋಡುತ್ತಾ ಕೂತರೆ ಹಸಿವೆಯೂ ಆಗುವುದಿಲ್ಲ ನನಗೆ. ಇವಳನ್ನು ಬಿಟ್ಟು ಊರಿಗೆ ಬರಲಾರೆ. ಊರನ್ನು ಬಿಟ್ಟೆ ಅನ್ನಲೂ ಬಾಯಿ ಬರುವುದಿಲ್ಲ.

ಪುಟ್ಟಮ್ಮ, ಇದನ್ನು ಯಾರ ಕೈಲಾದರೂ ಓದಿಸಿ ಕೇಳಿದರೆ ಒಂದು ಕೆಲಸ ಮಾಡು. ಕೀ ನಿನ್ನ ಹತ್ತಿರವೇ ಇದೆ. ವಾರಕ್ಕೊಂದು ದಿನ ನಮ್ಮ ಮನೆಯ ಒಲೆ ಹಚ್ಚಿ ಒಂದು ಚೊಂಬು ನೀರಾದರೂ ಕಾಯಿಸು. ಬೆಕ್ಕನ್ನು ಎಬ್ಬಿಸುವಾಗ ಮಾತ್ರ ಹೊಡೆಯಬೇಡ. ಅದಕ್ಕೂ ಮಲಗಲು ಬೇರೆ ಜಾಗ ಇದ್ದಂತಿಲ್ಲ.