ಬಾಗಿಲ ಮುಂದಿನ ರಬ್ಬರ್ ಬೂಟು

ಸ್ನೇಹಿತರೇ, ನಗಬೇಡಿ. ಮನೆಯಂಥ ಗಾಡಿ, ಮೋಟರ್‌ಹೋಮ್, ಬಾಡಿಗೆಗೆ ಹಿಡಿದು ನಾನು, ನನ್ನ ಗಂಡ, ಅತ್ತೆ ಸ್ವೀಡನ್ನಿನ ಒಂದೊಂದು ಜಿಲ್ಲೆಯ ಅತಿ ಎತ್ತರದ ಗುಡ್ಡ ಹತ್ತುತ್ತಿದ್ದೇವಲ್ಲ, ಇವತ್ತಿನ ಗುಡ್ಡ ಇಳಿದು ಬಂದರೆ ನಮ್ಮ ಗಾಡಿಯ ಬಾಗಿಲ ಮುಂದೆ ಯಾರೋ ಒಂದು ಜೊತೆ ಹಳೆಯ ರಬ್ಬರ್ ಬೂಟು ಒಪ್ಪವಾಗಿ ಬಿಟ್ಟಿದ್ದರು. ಕಾಡಿನ ಆ ಪಾರ್ಕಿಂಗಿನಲ್ಲಿ ಬೇರೆ ಗಾಡಿಯಿಲ್ಲ, ನರಪಿಳ್ಳೆಯೂ ಇಲ್ಲ. ವಾರದಿಂದ ಮಳೆ ಬಂದಿಲ್ಲ, ಬೂಟಿನಿಂದ ಮಾತ್ರ ನೀರು ಸೋರುತ್ತಿತ್ತು. ಕೈ ಹಾಕಿ ನೋಡಿದೆ. ಒಳಗೆ ಇನ್ನೂ ಬೆಚ್ಚಗಿತ್ತು.

ಬಾಗಿಲಿಗೆ ಹಾಕಿದ ಬೀಗ ಹಾಕಿದಂತೆಯೇ ಇತ್ತು. ತೆಗೆದು ಮಂಚದಡಿ, ಬಚ್ಚಲು ಎಲ್ಲ ಹುಡುಕಿದೆವು. ಯಾರೂ ಇರಲಿಲ್ಲ.

"ಯಾರೋ ಮರೆತು ಹೋಗಿರ್ತಾರೆ, ನೀನು ಹತ್ತಮ್ಮ," ಎಂದು ಗಂಡ ತನ್ನ ತಾಯಿಗೆ ಹೇಳಿ ಬೂಟನ್ನು ಬಂಡೆಯ ಮೇಲಿಟ್ಟ.

"ಈ ಕಾಡಲ್ಲಿ ಬರಿಗಾಲಲ್ಲಿ ಎಲ್ಲಿಗೆ ಹೋಗ್ತಾರೋ?" ಎಂದರು ಅತ್ತೆ. ಅವನು ಗಾಡಿ ಹೊರಡಿಸಿದ.

ಮುಂದಿನ ಊರಿನಲ್ಲಿ ಕಾಫಿಗೆ ಗಾಡಿ ನಿಲ್ಲಿಸಿದೆವು. ಒಳಗಿನ ಮೇಜಿಗೆ ಲೋಟ ಇಡುತ್ತ ಅತ್ತೆ ಮೆಲ್ಲಗೆ ಹೇಳಿದರು: "ಬೂಟು ಹೊರಗಿತ್ತು ಅಂದ್ರೆ ಬಿಟ್ಟೋರು ಒಳಗಿದ್ರು ಅಂತ ತಾನೇ? ನಾವು ಬೂಟು ಅಲ್ಲೇ ಬಿಟ್ಟು ಅವರನ್ನ ಕರ್ಕೊಂಡು ಬಂದ್ವಲ್ಲೋ."

ನೋಡಿದರೆ ಮೂವರಿಗೆ ನಾಲ್ಕು ಲೋಟ ಇಟ್ಟಿದ್ದರು. ನಾನು ವಾದಕ್ಕಿಳಿಯದೆ ನಾಲ್ಕಕ್ಕೂ ಕಾಫಿ ಬಗ್ಗಿಸಿದೆ. ಈ ದೇಶದಲ್ಲಿ ಹೇಳದೆ ಕೇಳದೆ ಯಾರೂ ಮನೆಗೆ ಬರುವುದೇ ಇಲ್ಲವೆಂದು ಹತ್ತು ವರ್ಷದಿಂದ ಗೊಣಗುತ್ತಿದ್ದವಳು ನಾನೇ.