ಒಂದು ಸೇಬು, ನಾಲ್ಕು ಕೈ

ಒಂದು ಸೇಬುಹಣ್ಣನ್ನು ಎತ್ತಲು ಎಷ್ಟು ಜನ ಬೇಕು? ಲೋಕಾನುಭವದ ಪ್ರಕಾರ ಒಬ್ಬ ಸಾಕು. ಆದರೆ ಹಣ್ಣು ರೋಗಿಗೆ ಸಲ್ಲತಕ್ಕದ್ದಾಗಿದ್ದು, ಎದುರಿಗೆ ಫೋಟೋಗ್ರಾಫರ್ ನಿಂತಿದ್ದರೆ, ನಾಲ್ವರಿಲ್ಲದೆ ಅದು ಮೇಲೇಳುವುದೇ ಇಲ್ಲ. ನಂಬಿಕೆ ಬಾರದಿದ್ದರೆ ಯಾವುದಾದರೂ ಸ್ಥಳೀಯ ಪತ್ರಿಕೆಯಲ್ಲಿ ‘ರೋಗಿಗಳಿಗೆ ಹಣ್ಣು-ಬ್ರೆಡ್ಡು ವಿತರಣೆ’ ಎಂಬ ಚಿತ್ರವನ್ನು ನೋಡಿ. ತೊಂಬತ್ತರ ದಶಕದ ಕೊನೆಯಲ್ಲಿ ದಾವಣಗೆರೆಯ ಪತ್ರಿಕೆಗಳಲ್ಲಿ ನಾನೂ ಹಾಗೆ ಪ್ರಕಟಗೊಂಡಿದ್ದೇನೆ. ಮುಖವಲ್ಲ, ಮೊಣಕೈ. ಅಂಗಿಯ ಹೊಲಿಗೆ ನೋಡಿ ನನ್ನನ್ನು ಗುರುತು ಹಿಡಿಯುತ್ತಿದ್ದವಳು ನನ್ನ ಹೆಂಡತಿಯೊಬ್ಬಳೇ.

ಎಸ್.ಎಸ್. ಬಡಾವಣೆಯಲ್ಲಿ ನಮ್ಮದೊಂದು ಸೇವಾ ಬಳಗವಿತ್ತು. ಜವಳಿ ಅಂಗಡಿಯ ಯಜಮಾನರೊಬ್ಬರು ಅಧ್ಯಕ್ಷರು. ಕಾಲೇಜಿನಲ್ಲಿ ಕನ್ನಡ ಬೋಧಿಸಿ ವಿದ್ಯಾರ್ಥಿಗಳ ನಿದ್ರೆಗೆ ನೆರವಾಗುತ್ತಿದ್ದ ನಾನು ಕಾರ್ಯದರ್ಶಿ. ಇನ್ನು ಮಾಡುವುದೇನೂ ಉಳಿದಿಲ್ಲವೆಂದು ಆಸ್ಪತ್ರೆ ಮನೆಗೆ ಕಳಿಸಿದ, ಮನೆಯಲ್ಲಿ ನೋಡುವವರಿಲ್ಲದ ರೋಗಿಗಳನ್ನು ಕೊನೆಯತನಕ ನೋಡಿಕೊಳ್ಳುವುದು ಬಳಗದ ಉದ್ದೇಶ. ನಿಜಕ್ಕೂ ನೋಡಿಕೊಳ್ಳುತ್ತಿದ್ದವಳು ನಮ್ಮ ನರ್ಸ್ ಮುಮ್ತಾಜ್. ಹತ್ತಿ, ಔಷಧಿ, ಗುಳಿಗೆಗಳ ಚೀಲ ಹೊತ್ತು ಬಸ್ಸಿನಲ್ಲಿ ಮಲೆಬೆನ್ನೂರಿನವರೆಗೂ ಅಲೆಯುತ್ತಿದ್ದಳು. ನಾವು ತಿಂಗಳಿಗೊಮ್ಮೆ ಕಾರಿನಲ್ಲಿ ಹೋಗಿ ಅನುಕಂಪ ವ್ಯಕ್ತಪಡಿಸಿ ಬರುತ್ತಿದ್ದೆವು. ನಮ್ಮ ನಿಯಮಾವಳಿಯ ಮೊದಲ ನಿಯಮ, ಬರೆದವನು ನಾನೇ: ‘ರೋಗಿಯ ಮನೆಯಲ್ಲಿ ಏನನ್ನೂ ಸೇವಿಸತಕ್ಕದ್ದಲ್ಲ.’ ಬಡವರಿಗೆ ಭಾರವಾಗಬಾರದೆಂಬ ಘನವಾದ ಕಾರಣ ಅದಕ್ಕಿತ್ತು.

ಹರಿಹರದಲ್ಲಿ, ಬಸ್ ನಿಲ್ದಾಣದ ಹಿಂದಿನ ಓಣಿಯ ಒಂದೇ ಕೋಣೆಯ ಮನೆಯಲ್ಲಿ, ಕೊಟ್ರಮ್ಮನೆಂಬ ರೋಗಿಯಿದ್ದಳು. ಆಯುಷ್ಯವೆಲ್ಲ ತಳ್ಳುಗಾಡಿಯಲ್ಲಿ ಮಿರ್ಚಿ ಕರಿದು ಊರಿಗೆ ತಿನ್ನಿಸಿದವಳು. ಗಂಡ ಎಂದೋ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಗಂಟಲಿನ ಕ್ಯಾನ್ಸರ್. ತಿಳಿಗಂಜಿಯೂ ಪ್ರಯಾಸದಿಂದ ಇಳಿಯುತ್ತಿದ್ದ ಆ ಗಂಟಲಿಗೆ ನಾವು ನಾಲ್ಕು ಕೈ ಸೇರಿ ಸೇಬು ಅರ್ಪಿಸಿದೆವು. ಮುಂದಿನ ತಿಂಗಳು ಹೋದಾಗ, ಹಣ್ಣು ತಿಂದಿರಾ ಎಂದು ಅಧ್ಯಕ್ಷರು ವಿಚಾರಿಸಿದರು.

“ಪಕ್ಕದ ಮನಿ ಆಡಿಗೆ ಹಾಕಿದ್ನಿರಿ,” ಎಂದಳು, ಉಳಿದಿದ್ದ ಪಿಸುದನಿಯಲ್ಲಿ. “ಭಾಳ ನೆನಸ್ತೈತ್ರಿ ನಿಮ್ಮನ್ನ.”

ಪ್ರತಿ ಸಲವೂ ಅವಳು ಚಹಾ ಕುಡಿಯಲು ಹೇಳುವಳು. ‘ಈಗ ತಾನೇ ಆಯಿತು’ ಎಂದು ನಾವು ಏಳುವೆವು. ನಿಯಮಕ್ಕೆ ಹೆದರಿ ಮುಮ್ತಾಜಳೂ ಹಾಗೆಯೇ ಹೇಳುತ್ತಿದ್ದಳು.

ಒಂದು ಭಾನುವಾರ ಮುಮ್ತಾಜ್ ನೇರ ನಮ್ಮ ಮನೆಗೆ ಬಂದಳು. ಕೊಟ್ರಮ್ಮ ಎರಡು ದಿನದಿಂದ ನೋವಿನ ಔಷಧಿಯನ್ನು ಮುಟ್ಟಿಲ್ಲವಂತೆ. “ಹಲ್ಲು ಕಚ್ಕಂಡು ಮಲಗ್ಯಾಳ್ರಿ ಸರ್. ನಮ್ಮನ್ಯಾಗೆ ಒಂದು ಲೋಟ ನೀರು ಮುಟ್ಟದವ್ರ ಗುಳಿಗಿ ನನಗೆ ಬ್ಯಾಡ ಅಂತಾಳ್ರಿ.”

ಇಷ್ಟು ದಿನ ಅವಳಿಂದ ಏನನ್ನೂ ತೆಗೆದುಕೊಳ್ಳದೆ ಅವಳನ್ನು ಬರೀ ಕೈ ಚಾಚುವವಳನ್ನಾಗಿ ಮಾಡಿದ್ದೆವು. ನಾನು ಬರೆದ ಒಂದು ಸಾಲು ಒಬ್ಬ ಹೆಂಗಸಿಗೆ ಎರಡು ದಿನದ ನರಕವಾಗಿತ್ತು, ನಾಚಿಕೆಯಾಯಿತು. ಮುಮ್ತಾಜಳೊಂದಿಗೆ ಅಧ್ಯಕ್ಷರ ಮನೆಗೆ ಓಡಿದೆ. ನಿಯಮ ತಿದ್ದಲು ಸಭೆ ಸೇರಬೇಕಲ್ಲ ಎಂದರು ಅವರು. ಸಭೆ ಕರೆಯುವುದು ಕಾರ್ಯದರ್ಶಿಯ ಹಕ್ಕಾದ್ದರಿಂದ ಅವರ ಕಾರಿನಲ್ಲೇ ಕರೆದೆ. ಇನ್ನಿಬ್ಬರು ಸದಸ್ಯರನ್ನೂ ಹತ್ತಿಸಿಕೊಂಡು ಹರಿಹರ ತಲುಪುವಷ್ಟರಲ್ಲಿ ತಿದ್ದುಪಡಿ ಸರ್ವಾನುಮತದಿಂದ ಅಂಗೀಕಾರವಾಯಿತು. ಅಭ್ಯಾಸಬಲದಿಂದ ಫೋಟೋಗ್ರಾಫರನೂ ಸ್ಕೂಟರಿನಲ್ಲಿ ಹಿಂದೆಯೇ ಬಂದ.

ಒಂದು ಲೋಟ ಚಹಾ ಕುಡಿದರೆ ಮುಗಿಯಿತೆಂದುಕೊಂಡಿದ್ದೆವು. ಕೊಟ್ರಮ್ಮ ಅಷ್ಟು ಅಗ್ಗಕ್ಕೆ ಬಿಡುವವಳೇ? ಸ್ಟವ್ ಮುಂದೆ ಗೋಡೆಗೊರಗಿ ಕೂತು, ಮುಮ್ತಾಜಳಿಂದ ಕಡಲೆಹಿಟ್ಟು ಕಲಸಿಸಿ, ತಾನೇ ಮಿರ್ಚಿಗಳನ್ನು ಎಣ್ಣೆಗೆ ಬಿಟ್ಟಳು. ಅಸಿಡಿಟಿಯ ಪೀಡೆಯಿಂದ ವರ್ಷದಿಂದ ಕರಿದದ್ದನ್ನು ತ್ಯಜಿಸಿದ್ದ ನಾನು, ಕರುಳಿನ ಕ್ಷಮೆ ಕೇಳಿ ಒಂದನ್ನು ಕಚ್ಚಿದೆ. ರುಚಿ ನೋಡಲಾರದ ಅವಳು ನಮ್ಮ ಮುಖಗಳನ್ನೇ ನೋಡುತ್ತ, ಉಪ್ಪು ಹೇಗಿದೆ ಎಂದಳು. ಅಮೃತ ಎಂದರು ಅಧ್ಯಕ್ಷರು. ತಪ್ಪು ಹುಡುಕುವುದು ಮೇಷ್ಟರ ಹುಟ್ಟುಗುಣ. ಒಂಚೂರು ಕಮ್ಮಿಯಾಯಿತು ಎಂದುಬಿಟ್ಟೆ.

ಅಧ್ಯಕ್ಷರು ನನ್ನ ಕಾಲು ತುಳಿದರು. ಕೊಟ್ರಮ್ಮ ಮಾತ್ರ ಒಂದು ಚಿಟಿಕೆ ಉಪ್ಪನ್ನು ಹಿಟ್ಟಿಗೆ ಉದುರಿಸಿ, “ಆರು ತಿಂಗಳಾತ್ರಿ ಮೇಷ್ಟ್ರೇ, ನನ್ನ ಮುಂದ ಯಾರೂ ಖರೇ ಮಾತಾಡಿರ್ಲಿಲ್ಲ,” ಎಂದಳು. ಆಮೇಲೆ ಮುಮ್ತಾಜಳ ಕಡೆ ಕೈ ಚಾಚಿ, ನೀರಿನಲ್ಲಿ ಕರಗಿಸಿದ ಗುಳಿಗೆಯನ್ನು ಗುಟುಕು ಗುಟುಕಾಗಿ ಕುಡಿದಳು. ನಮಗೆಲ್ಲ ಹೋದ ಜೀವ ಬಂದಂತಾಯಿತು.

ಹೊರಡುವಾಗ ಫೋಟೋಗ್ರಾಫರನನ್ನು ಅವಳೇ ಕರೆದಳು. ಒಂದು ಮಿರ್ಚಿಯನ್ನು ಎತ್ತಿ ಹಿಡಿದು, “ಎಲ್ಲಾರೂ ಕೈ ಹಚ್ರಿ,” ಎಂದಳು. ಹಚ್ಚಿದೆವು, ನಾಲ್ವರೂ, ಕೆಳಗಿನಿಂದ.

ಆ ಚಿತ್ರವನ್ನು ಅಧ್ಯಕ್ಷರು ಪತ್ರಿಕೆಗೆ ಕಳಿಸಲಿಲ್ಲ. ಕೊಟ್ರಮ್ಮ ಮುಂದಿನ ತಿಂಗಳು ಹೋದಳು. ನೋವಿಲ್ಲದೆ, ನಿದ್ದೆಯಲ್ಲಿ, ಮುಮ್ತಾಜಳ ಕೈ ಹಿಡಿದುಕೊಂಡು. ಶ್ರದ್ಧಾಂಜಲಿ ಸಭೆಗೆ ಫೋಟೋ ಬೇಕಾಯಿತು. ಸೇಬಿನ ಚಿತ್ರದಲ್ಲಿ ನಮ್ಮ ಕೈಗಳ ಹಿಂದೆ ಅವಳು ಪೂರ್ತಿ ಮರೆಯಾಗಿದ್ದಳು, ಉಳಿದದ್ದು ಮಿರ್ಚಿಯದೊಂದೇ. ಅದಕ್ಕೇ ಚೌಕಟ್ಟು ಹಾಕಿಸಿದೆವು, ಹಾರವನ್ನೂ ಹಾಕಿದೆವು. ಬದುಕಿದ್ದ ನಾಲ್ವರಿಗೂ ಪುಕ್ಕಟೆ ಹಾರವಾಯಿತು.

ಬಳಗದ ಕೋಣೆಯಲ್ಲಿ ಅದು ಈಗಲೂ ಇದೆ. ಅದರಲ್ಲಿ ನನ್ನ ಮುಖ ಪೂರ್ತಿ ಬಿದ್ದಿದೆ. ಹೊಸಬರು ಹಾರ ನೋಡಿ, ಇವರಲ್ಲಿ ತೀರಿಕೊಂಡವರು ಯಾರು ಸಾರ್ ಎಂದು ಅನುಮಾನದಿಂದ ಕೇಳುತ್ತಾರೆ. ಕೊಡುತ್ತಿದ್ದಾಳಲ್ಲ, ಅವಳು ಎನ್ನುತ್ತೇನೆ.