ಕಡಲ ಪಾಚಿಯ ಖಾರ

ಭಾರತೀನಗರದ ಬಸ್ ಸ್ಟ್ಯಾಂಡಿನ ಎದುರು, ಟೀ ಅಂಗಡಿಯ ಬೆಂಚಿನಲ್ಲಿ ಕೂತಿದ್ದೆ. ಗೆಳೆಯ ಕೊಟ್ಟಿದ್ದ ಸಮುದ್ರಪಾಚಿಯ ಖಾರದ ಸಾಸನ್ನು ಬೋಂಡಾದ ಮೇಲೆ ಸುರಿದುಕೊಂಡೆ. ಮೊದಲು ಉಪ್ಪು, ಆಮೇಲೆ ಮೀನಿಲ್ಲದ ಮೀನುವಾಸನೆ, ಕೊನೆಗೆ ಕಿವಿಯವರೆಗೂ ಖಾರ.

ಪಕ್ಕದಲ್ಲಿದ್ದ ಕಬ್ಬು ಬೆಳೆಗಾರರೊಬ್ಬರು ಬಾಟಲಿ ಎತ್ತಿ ಮೂಸಿದರು.

"ಏನ್ ಸ್ವಾಮಿ ಇದು?"

"ಸಮುದ್ರದ ಪಾಚಿ."

"ಅದೇ ಅಂದ್ಕಂಡೆ. ಕಬ್ಬು ಚೆನ್ನಾಗಿ ಬೆಳೀಲಿ ಅಂತ ಇದ್ನೇ ಒಡೀತೀವಿ ನಾವು. ಒಂದು ಟ್ಯಾಂಕ್ ನೀರಿಗೆ ಎರಡು ಮುಚ್ಚಳ."

ನಾನು ಅಗಿಯುವುದನ್ನು ನಿಲ್ಲಿಸಿದೆ. ಅವರು ಬೆರಳಿಗೆ ಒಂದು ತೊಟ್ಟು ಹಾಕಿಕೊಂಡು ನೆಕ್ಕಿ, "ಕಬ್ಬಿಗಾದ್ರೆ ಮೆಣಸಿನಕಾಯಿ ಆಕಲ್ಲ" ಅಂದರು.

ಬಾಣಲೆಯ ಮುಂದಿದ್ದ ಅಂಗಡಿಯ ಅಮ್ಮ ತಲೆ ಎತ್ತದೆಯೇ ನನಗೆ ಹೇಳಿದರು:

"ತಿನ್ನಿ ಸ್ವಾಮಿ, ಒಂದು ಗೆಣ್ಣು ಉದ್ದ ಆಯ್ತೀರಿ."